ಎಂಜೋ ಫೆರಾರಿಯೂ ಅವನ ಹಳೆಯ ಕಾರುಗಳೂ

ಕಳೆದ ವರ್ಷ ಬೇಸಿಗೆ ರಜೆಗೆ ಮುಂಚೆ ನಮ್ಮ ಬೀದಿಯಲ್ಲಿದ್ದ ಒಂದು ಹಳೆಯ ಪ್ರೀಮಿಯರ್ ಪದ್ಮಿನಿ ಕಾರನ್ನು ಗುಜರಿಯವರು ಬಂದು ಎಳೆದುಕೊಂಡು ಹೋದರು. ಬೇವಿನ ಮರದ ಕೆಳಗೆ ಎಷ್ಟೋ ವರ್ಷ ನಿಂತಿದ್ದ ಗಾಡಿ. ಟಯರುಗಳು ಮಣ್ಣಿನಲ್ಲಿ ಹೂತುಹೋಗಿದ್ದವು. ಹಿಂದಿನ ಸೀಟಿನ ಮೇಲೆ ಕೋಳಿಗಳು ಮೊಟ್ಟೆಯಿಡುತ್ತಿದ್ದವು. ಗುಜರಿಯವನು ಅದಕ್ಕೆ ಕಬ್ಬಿಣದ ತೂಕದ ಲೆಕ್ಕದಲ್ಲಿ ಬೆಲೆ ಕಟ್ಟಿದನು. ಅದನ್ನು ನೋಡುತ್ತ ನಿಂತಿದ್ದ ನಮ್ಮ ಶಾಲೆಯ ಹತ್ತನೆಯ ತರಗತಿಯ ಹುಡುಗನೊಬ್ಬನು ಮಾರನೆಯ ದಿನ ನನ್ನನ್ನು ಒಂದು ಪ್ರಶ್ನೆ ಕೇಳಿದನು. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಅರವತ್ತು ವರ್ಷ ಹಳೆಯದಾದ ಕಾರೊಂದು ನಾನೂರು ಕೋಟಿ ರೂಪಾಯಿಗೂ ಹೆಚ್ಚಿಗೆ ಹರಾಜಾಯಿತೆಂದು ಅವನು ಓದಿದ್ದನು. ನಮ್ಮಲ್ಲಿ ಹಳೆಯದಾದರೆ ಕಾರಿನ ಬೆಲೆ ಇಳಿಯುತ್ತದೆ, ಅಲ್ಲಿ ಏರುವುದೇಕೆ ಎಂಬುದು ಅವನ ಪ್ರಶ್ನೆ.

ಆ ದಿನ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಮನೆಗೆ ಹೋಗಿ ಓದಿದ ಮೇಲೆ ತಿಳಿಯಿತು, ಆ ಕಾರನ್ನು ಮಾಡಿದವನ ಬಾಳನ್ನು ತಿಳಿಯದೆ ಆ ಬೆಲೆ ಅರ್ಥವಾಗುವುದಿಲ್ಲವೆಂದು. ಆದ್ದರಿಂದ ಈ ಸಲದ ನಮ್ಮ ವಾರ್ಷಿಕ ಸಂಚಿಕೆಗೆ ಎಂಜೋ ಫೆರಾರಿಯ ಜೀವನವನ್ನೇ ಬರೆಯಲು ಕುಳಿತಿದ್ದೇನೆ. ಫೆರಾರಿ ಎಂದರೆ ಕಾರಿನ ಹೆಸರೆಂದು ಎಲ್ಲರಿಗೂ ಗೊತ್ತು. ಅದು ಮೊದಲು ಒಬ್ಬ ಕಮ್ಮಟದವನ ಮಗನ ಹೆಸರೆಂಬುದು ಬಹಳ ಮಂದಿಗೆ ಗೊತ್ತಿಲ್ಲ.

ಇಟಲಿ ದೇಶದ ಉತ್ತರ ಭಾಗದಲ್ಲಿ ಮೊಡೆನಾ ಎಂಬ ಊರಿದೆ. 1898ರ ಫೆಬ್ರವರಿ 18ರಂದು ಎಂಜೋ ಅಲ್ಲಿ ಜನಿಸಿದನು. ಆಗ ಹಿಮ ಬಹಳ ಬಿದ್ದಿದ್ದರಿಂದ ತಂದೆಗೆ ಕಚೇರಿಗೆ ಹೋಗಲಾಗದೆ, ಜನನ ದಾಖಲಾದದ್ದು ಎರಡು ದಿನ ತಡವಾಗಿ. ಹೀಗಾಗಿ ಸರ್ಕಾರಿ ಕಾಗದದಲ್ಲಿ ಅವನ ಹುಟ್ಟಿದ ದಿನ ಫೆಬ್ರವರಿ 20. ನಮ್ಮ ಹಾಜರಿ ಪುಸ್ತಕಗಳಲ್ಲಿ ಎಷ್ಟು ಮಕ್ಕಳು ಜೂನ್ 1ರಂದೇ ಹುಟ್ಟಿದ್ದಾರೆಂಬುದನ್ನು ಬಲ್ಲ ಪಾಲಕರಿಗೆ ಇದು ಆಶ್ಚರ್ಯವೆನಿಸಲಾರದು. ತಂದೆ ಅಲ್‌ಫ್ರೆದೋ ಮನೆಗೆ ಹೊಂದಿಕೊಂಡೇ ಕಬ್ಬಿಣದ ಕೆಲಸದ ಕಾರ್ಖಾನೆಯನ್ನಿಟ್ಟುಕೊಂಡಿದ್ದನು. ರೈಲ್ವೆಗೆ ಬೇಕಾದ ಸಾಮಾನುಗಳನ್ನು ಅಲ್ಲಿ ತಯಾರಿಸುತ್ತಿದ್ದರು. ಸುತ್ತಿಗೆಯ ಸಪ್ಪಳದಲ್ಲಿಯೇ ಎಂಜೋ ಮತ್ತು ಅವನ ಅಣ್ಣ ಬೆಳೆದರು.

ಓದಿನಲ್ಲಿ ಅಣ್ಣನೇ ಮುಂದು. ಎಂಜೋವಿಗೆ ಪಾಠವೆಂದರೆ ಆಗುತ್ತಿರಲಿಲ್ಲ. ಸಂಗೀತ ನಾಟಕಗಳಲ್ಲಿ ಹಾಡುವವನಾಗಬೇಕು, ಇಲ್ಲವೆ ಪತ್ರಿಕೆಗೆ ಆಟಗಳ ವರದಿ ಬರೆಯಬೇಕು, ಇಲ್ಲವೆ ರೇಸು ಕಾರು ನಡೆಸಬೇಕು ಎಂಬ ಮೂರು ಆಸೆಗಳು ಅವನಿಗಿದ್ದವು. ಮೊದಲನೆಯದಕ್ಕೆ ಕಂಠವಿರಲಿಲ್ಲ. ಎರಡನೆಯದರಲ್ಲಿ ಸ್ವಲ್ಪ ಕೈಯಾಡಿಸಿದನು. ಮೂರನೆಯದು ಅವನನ್ನು ಹಿಡಿದದ್ದು 1908ರಲ್ಲಿ. ಆ ವರ್ಷ ತಂದೆ ಇಬ್ಬರು ಮಕ್ಕಳನ್ನೂ ಬೊಲೊನ್ಯಾ ನಗರದ ಕಾರು ಪಂದ್ಯಕ್ಕೆ ಕರೆದುಕೊಂಡು ಹೋದನು. ಫೆಲಿಚೆ ನಜ್ಜಾರೋ ಎಂಬ ಸವಾರ ಫಿಯಟ್ ಕಾರಿನಲ್ಲಿ ಗೆದ್ದನು. ಹತ್ತು ವರ್ಷದ ಬಾಲಕ ಅದನ್ನು ಮರೆಯಲಿಲ್ಲ. ಫಿಯಟ್ ಎಂಬ ಹೆಸರನ್ನು ವಿದ್ಯಾರ್ಥಿಗಳು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದು ಮತ್ತೆ ಮತ್ತೆ ಬರುತ್ತದೆ.

ಸುಖದ ದಿನಗಳು ಹೆಚ್ಚು ಕಾಲ ಇರಲಿಲ್ಲ. 1916ರಲ್ಲಿ ತಂದೆ ನ್ಯುಮೋನಿಯಾದಿಂದ ತೀರಿಕೊಂಡನು. ಅದೇ ವರ್ಷ ಅಣ್ಣನೂ ಸತ್ತನು. ಕಾರ್ಖಾನೆ ಮುಚ್ಚಿತು. ಮೊದಲನೆಯ ಮಹಾಯುದ್ಧದಲ್ಲಿ ಎಂಜೋವನ್ನು ಸೈನ್ಯಕ್ಕೆ ಕರೆದರು. ಪರ್ವತ ಪ್ರದೇಶದ ಫಿರಂಗಿ ದಳದಲ್ಲಿ ಅವನಿಗೆ ಕೊಟ್ಟ ಕೆಲಸ ಹೇಸರಗತ್ತೆಗಳಿಗೆ ಲಾಳ ಹೊಡೆಯುವುದು. ಅಲ್ಲಿಯೂ ಆರೋಗ್ಯ ಕೆಟ್ಟು ಸಾಯುವ ಸ್ಥಿತಿಗೆ ಬಂದು ಬಿಡುಗಡೆಯಾದನು. ಕೈಯಲ್ಲಿ ದಳದ ಅಧಿಕಾರಿ ಕೊಟ್ಟ ಒಂದು ಶಿಫಾರಸು ಪತ್ರ ಮಾತ್ರವಿತ್ತು. ಅದನ್ನು ಹಿಡಿದು 1918ರ ಚಳಿಗಾಲದಲ್ಲಿ ತೂರಿನ್ ನಗರದ ಫಿಯಟ್ ಕಂಪನಿಗೆ ಕೆಲಸ ಕೇಳಲು ಹೋದನು. ಯುದ್ಧದಿಂದ ಮರಳಿದವರಿಗೆಲ್ಲ ಕೆಲಸ ಕೊಡಲಾಗುವುದಿಲ್ಲವೆಂದು ಅವರು ಹಿಂದಕ್ಕೆ ಕಳುಹಿಸಿದರು. ವ್ಯಾಲೆಂಟಿನೋ ಉದ್ಯಾನದಲ್ಲಿ ಒಂದು ಬೆಂಚಿನ ಮೇಲಿನ ಹಿಮವನ್ನು ಒರೆಸಿ ಕುಳಿತು, ತಂದೆಯೂ ಅಣ್ಣನೂ ಇಲ್ಲದ ಆ ಇಪ್ಪತ್ತರ ಯುವಕನು ಅತ್ತನು. ಇದನ್ನು ಅವನೇ ಮುಂದೆ ತನ್ನ ಆತ್ಮಕಥೆಯಲ್ಲಿ ನೆನೆದಿದ್ದಾನೆ.

ಅನಂತರ ಹಳೆಯ ಲಾರಿಗಳ ಚಾಸಿಯನ್ನು ಕಾರಿಗೆ ಹೊಂದಿಸುವ ಒಬ್ಬ ವ್ಯಾಪಾರಿಯಲ್ಲಿ ಸಣ್ಣ ಕೆಲಸ ದೊರೆಯಿತು. ಅಲ್ಲಿಂದ ಮಿಲಾನ್ ನಗರದ ಒಂದು ಚಿಕ್ಕ ಕಂಪನಿಗೆ ಹೋಗಿ, 1919ರಲ್ಲಿ ಮೊದಲ ಬಾರಿಗೆ ಪಂದ್ಯದಲ್ಲಿ ಕಾರು ನಡೆಸಿದನು. 1920ರಲ್ಲಿ ಆಲ್ಫಾ ರೋಮಿಯೋ ಎಂಬ ಹೆಸರಾಂತ ಕಂಪನಿ ಸೇರಿ, ಆ ವರ್ಷವೇ ಸಿಸಿಲಿ ದ್ವೀಪದ ಕಠಿಣವಾದ ತಾರ್ಗಾ ಫ್ಲೋರಿಯೋ ಪಂದ್ಯದಲ್ಲಿ ಎರಡನೆಯವನಾದನು. 1923ರಲ್ಲಿ ರವೆನ್ನಾ ಬಳಿಯ ಸಾವಿಯೋ ಪಂದ್ಯವನ್ನು ಗೆದ್ದಾಗ ಯುದ್ಧದಲ್ಲಿ ಮಡಿದ ವಿಮಾನವೀರ ಫ್ರಾಂಚೆಸ್ಕೋ ಬರಾಕ್ಕನ ತಂದೆತಾಯಿಗಳ ಪರಿಚಯವಾಯಿತು. ಬರಾಕ್ಕನ ವಿಮಾನದ ಮೇಲೆ ಎರಡು ಕಾಲಿನ ಮೇಲೆ ನಿಂತ ಕುದುರೆಯ ಚಿತ್ರವಿರುತ್ತಿತ್ತು. ಆ ಗುರುತನ್ನು ನಿನ್ನ ಕಾರಿಗೆ ಹಾಕಿಕೊ, ಶುಭವಾಗುತ್ತದೆ ಎಂದು ಆ ತಾಯಿ ಹೇಳಿದಳಂತೆ. ಎಂಜೋ ಅದಕ್ಕೆ ತನ್ನ ಊರಾದ ಮೊಡೆನಾದ ಹಳದಿ ಬಣ್ಣವನ್ನು ಹಿನ್ನೆಲೆಯಾಗಿ ಸೇರಿಸಿದನು. ಈಗ ಮಕ್ಕಳ ಅಂಗಿಗಳ ಮೇಲೂ ಕಾಣುವ ಆ ಕುದುರೆ ಸತ್ತ ಮಗನ ನೆನಪಿಗೆ ತಾಯಿಯೊಬ್ಬಳು ಕೊಟ್ಟದ್ದು.

ಸವಾರನಾಗಿ ಎಂಜೋ ಒಳ್ಳೆಯವನೇ, ಆದರೆ ಅತ್ಯುತ್ತಮನಲ್ಲ. ಅದು ಅವನಿಗೂ ಗೊತ್ತಿತ್ತು. ಜನರನ್ನು ಒಟ್ಟುಗೂಡಿಸಿ, ಅವರಿಂದ ಕೆಲಸ ತೆಗೆಯುವುದರಲ್ಲಿ ಮಾತ್ರ ಅವನ ಸಮಾನರಿರಲಿಲ್ಲ. 1929ರ ನವೆಂಬರಿನಲ್ಲಿ ಮೊಡೆನಾದಲ್ಲಿ ಸ್ಕುದೇರಿಯಾ ಫೆರಾರಿ ಎಂಬ ಪಂದ್ಯದ ತಂಡವನ್ನು ಕಟ್ಟಿದನು. ಸ್ಕುದೇರಿಯಾ ಎಂದರೆ ಕುದುರೆಗಳ ಲಾಯ. ಕಾರುಗಳು ಆಲ್ಫಾ ಕಂಪನಿಯವು, ಓಡಿಸುವ ವ್ಯವಸ್ಥೆ ಇವನದು. 1932ರ ಜನವರಿಯಲ್ಲಿ ಮಗ ಹುಟ್ಟಿದ ಮೇಲೆ ತಾನು ಪಂದ್ಯದಲ್ಲಿ ಕಾರು ನಡೆಸುವುದನ್ನು ಬಿಟ್ಟನು. ಮಗನಿಗೆ ಅಜ್ಜನ ಹೆಸರನ್ನೇ ಇಟ್ಟು ದೀನೋ ಎಂದು ಕರೆಯುತ್ತಿದ್ದರು.

1939ರಲ್ಲಿ ಆಲ್ಫಾ ಕಂಪನಿಯೊಂದಿಗೆ ಮನಸ್ತಾಪವಾಗಿ ಹೊರಬಂದನು. ನಾಲ್ಕು ವರ್ಷ ತನ್ನ ಹೆಸರಿನಲ್ಲಿ ಪಂದ್ಯಕ್ಕಿಳಿಯಬಾರದೆಂಬ ಕರಾರಿತ್ತು. ಹೆಸರಿಲ್ಲದಿದ್ದರೇನು, ಕಾರು ಮಾಡಬಹುದಲ್ಲ! 1940ರ ಪಂದ್ಯಕ್ಕೆ 815 ಎಂಬ ಎರಡು ಕಾರುಗಳನ್ನು ತಯಾರಿಸಿದನು. ಎರಡೂ ನಡುದಾರಿಯಲ್ಲಿ ಕೆಟ್ಟು ನಿಂತವು. ಅವುಗಳ ಎಂಜಿನಿಗೆ ಬಳಸಿದ್ದು ಅಂದಿನ ಫಿಯಟ್ 1100 ಕಾರಿನ ಬಿಡಿಭಾಗಗಳನ್ನು. ಅದೇ ಫಿಯಟ್ 1100ರ ವಂಶದಲ್ಲಿ ಮುಂದೆ ಬಂದ ಕಾರನ್ನೇ ಮುಂಬಯಿಯ ಪ್ರೀಮಿಯರ್ ಕಾರ್ಖಾನೆಯವರು ತಯಾರಿಸಿ 1970ರ ದಶಕದಲ್ಲಿ ಪದ್ಮಿನಿ ಎಂದು ಹೆಸರಿಟ್ಟರು. ಬೇವಿನ ಮರದ ಕೆಳಗಿನ ನಮ್ಮ ಕೋಳಿಗೂಡು ಕೋಟ್ಯಾಧೀಶ ಫೆರಾರಿ ಕಾರುಗಳ ದೂರದ ನೆಂಟನೆಂದು ನಾನು ಹೇಳಿದಾಗ ಆ ಹುಡುಗ ನಂಬಲಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಕಾರ್ಖಾನೆಯನ್ನು ಮೊಡೆನಾದಿಂದ ಹತ್ತಿರದ ಮರನೆಲ್ಲೋ ಎಂಬ ಹಳ್ಳಿಗೆ ಸಾಗಿಸಿದನು. ಅಲ್ಲಿಯೂ ಎರಡು ಸಲ ಬಾಂಬು ಬಿದ್ದಿತು. ಯುದ್ಧ ಮುಗಿದ ಮೇಲೆ ಕಟ್ಟಡವನ್ನು ಮತ್ತೆ ಎಬ್ಬಿಸಿ, 1947ರ ಮಾರ್ಚ್ 12ರಂದು ಹನ್ನೆರಡು ಸಿಲಿಂಡರಿನ ತನ್ನ ಮೊದಲ ಕಾರನ್ನು ತಾನೇ ನಡೆಸಿ ಹೊರಗೆ ತಂದನು. ಮೇ ತಿಂಗಳ 25ರಂದು ಅದು ರೋಮ್ ನಗರದ ಪಂದ್ಯವನ್ನು ಗೆದ್ದಿತು. ಅದೇ ವರ್ಷ ಅಕ್ಟೋಬರಿನಲ್ಲಿ ತೂರಿನ್ನಿನ ಅದೇ ವ್ಯಾಲೆಂಟಿನೋ ಉದ್ಯಾನದಲ್ಲಿ ನಡೆದ ಪಂದ್ಯದಲ್ಲಿಯೂ ಫೆರಾರಿ ಕಾರು ಗೆದ್ದಿತು. ಆ ದಿನ ಎಂಜೋ ಹೋಗಿ ಸುಮಾರು ಮೂವತ್ತು ವರ್ಷ ಹಿಂದಿನ ಅದೇ ಬೆಂಚಿನ ಮೇಲೆ ಕುಳಿತು ಮತ್ತೊಮ್ಮೆ ಅತ್ತನಂತೆ.

ಆ ಮೊದಲ ಕಾರು ಈಗ ಎಲ್ಲಿದೆ? ಎಲ್ಲಿಯೂ ಇಲ್ಲ. ಅದನ್ನು ಬಿಚ್ಚಿ ಅದರ ಭಾಗಗಳನ್ನು ಮುಂದಿನ ಕಾರುಗಳಿಗೆ ಬಳಸಿದರು. ನಲವತ್ತನೆಯ ವರ್ಷದ ಸಮಾರಂಭಕ್ಕೆ, 1987ರಲ್ಲಿ, ಕಂಪನಿಯವರು ಅದರ ನಕಲನ್ನು ಹೊಸದಾಗಿ ಮಾಡಬೇಕಾಯಿತು. ಎಂಜೋವಿನ ಸ್ವಭಾವವೇ ಹಾಗಿತ್ತು. ನಾಳೆಯ ಪಂದ್ಯಕ್ಕೆ ಆಗುವ ಕಾರು ಮಾತ್ರ ಅವನಿಗೆ ಕಾರು. ನಿನ್ನೆ ಗೆದ್ದದ್ದು ಜಾಗ ಹಿಡಿದುಕೊಂಡಿರುವ ಲೋಹ. ಕೆಲವನ್ನು ಬಿಚ್ಚಿಸುತ್ತಿದ್ದನು, ಕೆಲವನ್ನು ಬಂದ ಬೆಲೆಗೆ ಖಾಸಗಿ ಸವಾರರಿಗೆ ಮಾರುತ್ತಿದ್ದನು. ರಸ್ತೆಯ ಮೇಲೆ ಓಡಿಸುವ ಚೆಂದದ ಕಾರುಗಳನ್ನು ರಾಜರಿಗೂ ಚಿತ್ರನಟರಿಗೂ ಮಾರಿದನಾದರೂ ಅದು ಪಂದ್ಯದ ಖರ್ಚನ್ನು ಹೊಂದಿಸಲಿಕ್ಕೆ. ಕೊಳ್ಳಲು ಬಂದ ದೊಡ್ಡವರನ್ನು ಗಂಟೆಗಟ್ಟಲೆ ಹೊರಗೆ ಕಾಯಿಸುತ್ತಿದ್ದನೆಂದು ಹೇಳುತ್ತಾರೆ. ಟ್ರ್ಯಾಕ್ಟರ್ ತಯಾರಿಸುತ್ತಿದ್ದ ಲಂಬೋರ್ಗಿನಿ ಎಂಬವನು ತಾನು ಕೊಂಡ ಫೆರಾರಿಯ ಕ್ಲಚ್ಚು ಸರಿಯಿಲ್ಲವೆಂದು ದೂರಿಗೆ ಹೋಗಿ ಅವಮಾನಪಟ್ಟು, ಆ ಸಿಟ್ಟಿಗೆ ತಾನೇ ಕಾರಿನ ಕಾರ್ಖಾನೆ ತೆರೆದನೆಂಬ ಕಥೆಯೂ ಇದೆ. ಕಥೆ ಎಷ್ಟು ನಿಜವೋ, ಆ ಕಾರ್ಖಾನೆ 1963ರಲ್ಲಿ ತೆರೆದದ್ದಂತೂ ನಿಜ.

1951ರಲ್ಲಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಪಂದ್ಯದಲ್ಲಿ ಫೆರಾರಿ ಕಾರು ಆಲ್ಫಾ ಕಾರುಗಳನ್ನು ಸೋಲಿಸಿತು. ತನ್ನನ್ನು ಬೆಳೆಸಿದ ತಾಯಿಯಂಥ ಕಂಪನಿಯನ್ನು ಸೋಲಿಸಿದ ಎಂಜೋ ಸಂತೋಷಪಟ್ಟನೋ ದುಃಖಪಟ್ಟನೋ ಹೇಳುವುದು ಕಷ್ಟ. 1952 ಮತ್ತು 1953ರಲ್ಲಿ ಅಸ್ಕಾರಿ ಎಂಬ ಸವಾರ ಫೆರಾರಿಯಲ್ಲಿ ಜಗತ್ತಿನ ಚಾಂಪಿಯನ್ ಆದನು. ಗೆಲುವುಗಳ ಪಟ್ಟಿ ಉದ್ದವಾಗಿದೆ. ಅದನ್ನು ಇಲ್ಲಿಗೆ ಬಿಡುತ್ತೇನೆ.

ಮನೆಯಲ್ಲಿ ಬೇರೆಯೇ ನಡೆದಿತ್ತು. ದೀನೋವಿಗೆ ಸ್ನಾಯುಗಳು ಕ್ರಮೇಣ ಸೊರಗುವ ಕಾಯಿಲೆ. ಇಂದಿಗೂ ಅದನ್ನು ಪೂರ್ತಿ ಗುಣಪಡಿಸುವ ಔಷಧಿಯಿಲ್ಲ. ತಂದೆ ಎಂಜಿನಿನ ಪರೀಕ್ಷೆಗೆ ಪಟ್ಟಿ ಬರೆಯುವಂತೆಯೇ ಮಗನ ಆಹಾರಕ್ಕೂ ಮೂತ್ರದ ಪರೀಕ್ಷೆಗೂ ದಿನದಿನದ ಪಟ್ಟಿ ಬರೆದಿಡುತ್ತಿದ್ದನು. ಯಂತ್ರದಂತೆ ಇದನ್ನೂ ಸರಿಪಡಿಸಬಹುದೆಂಬ ಆಸೆ. ಹಾಸಿಗೆ ಹಿಡಿದ ಮಗನೊಂದಿಗೆ ಆರು ಸಿಲಿಂಡರಿನ ಒಂದು ಹೊಸ ಎಂಜಿನಿನ ಬಗ್ಗೆ ಮಾತನಾಡುತ್ತಿದ್ದನು. 1956ರ ಜೂನ್ 30ರಂದು ದೀನೋ ತೀರಿಕೊಂಡನು. ಅವನಿಗೆ ಇಪ್ಪತ್ತನಾಲ್ಕು ವರ್ಷ. ಅಂದಿನಿಂದ ತಂದೆ ದಿನವೂ ಬೆಳಿಗ್ಗೆ ಮಗನ ಸಮಾಧಿಗೆ ಹೋಗಿ ಬಂದು ಕಾರ್ಖಾನೆಗೆ ಹೋಗುತ್ತಿದ್ದನು. ಆ ಎಂಜಿನಿಗೆ ದೀನೋ ಎಂದೇ ಹೆಸರಿಟ್ಟನು. ಮರನೆಲ್ಲೋದಲ್ಲಿ ಮಗನ ಹೆಸರಿನಲ್ಲಿ ಒಂದು ಕೈಗಾರಿಕಾ ತರಬೇತಿಯ ಶಾಲೆಯೂ ಇದೆ. ಪಾಠವನ್ನು ಇಷ್ಟಪಡದ ಬಾಲಕ ಕೊನೆಗೆ ಒಂದು ಶಾಲೆ ಕಟ್ಟಿಸಿದನು.

ಮರುವರ್ಷ ಇನ್ನೊಂದು. ಮಿಲ್ಲೆ ಮಿಲ್ಯಾ ಎಂಬುದು ಸಾವಿರ ಮೈಲಿಯ ಪಂದ್ಯ. ಮೈದಾನದಲ್ಲಲ್ಲ, ಊರುಕೇರಿಗಳ ನಡುವಿನ ರಸ್ತೆಯಲ್ಲಿಯೇ ಅದು ನಡೆಯುತ್ತಿತ್ತು. ಜನ ರಸ್ತೆಯ ಎರಡು ಬದಿಗೂ ಜಾತ್ರೆಯಲ್ಲಿ ತೇರು ನೋಡಲು ನಿಂತಂತೆ ನಿಲ್ಲುತ್ತಿದ್ದರು. 1957ರ ಮೇ 12ರಂದು ಗುಯಿದಿಜ್ಜೋಲೋ ಎಂಬ ಹಳ್ಳಿಯ ಬಳಿ ಫೆರಾರಿ ಕಾರೊಂದರ ಟಯರು ಒಡೆದು ಜನರ ಮೇಲೆ ನುಗ್ಗಿತು. ಸವಾರನೂ ಅವನ ಜೊತೆಗಾರನೂ ಸತ್ತರು. ನೋಡಲು ನಿಂತಿದ್ದ ಒಂಬತ್ತು ಮಂದಿ ಸತ್ತರು. ಅವರಲ್ಲಿ ಐವರು ಮಕ್ಕಳು. ಆ ಪಂದ್ಯ ಅಲ್ಲಿಗೆ ನಿಂತಿತು. ಎಂಜೋವಿನ ಮೇಲೆ ಮೊಕದ್ದಮೆ ಹೂಡಿದರು. 1961ರಲ್ಲಿ ಅವನು ನಿರ್ದೋಷಿಯೆಂದು ತೀರ್ಪಾಯಿತು. ಆ ಎರಡು ವರ್ಷಗಳಲ್ಲಿಯೇ ಕಸ್ತೆಲ್ಲೋತ್ತಿ, ಮುಸ್ಸೋ, ಕಾಲಿನ್ಸ್ ಎಂಬ ಅವನ ಸವಾರರೂ ಒಬ್ಬರಾದ ಮೇಲೊಬ್ಬರು ಸತ್ತರು. ಸ್ವಂತ ಮಕ್ಕಳನ್ನೇ ನುಂಗಿದ ರೋಮನರ ಪುರಾಣದ ಸ್ಯಾಟರ್ನ್ ದೇವನಿಗೆ ವ್ಯಾಟಿಕನ್ನಿನ ಪತ್ರಿಕೆ ಅವನನ್ನು ಹೋಲಿಸಿತು. ಇದನ್ನು ಬರೆಯುವಾಗ ನನ್ನ ಮನಸ್ಸು ಎರಡು ಕಡೆಗೆ ಎಳೆಯುತ್ತದೆ. ಮಗನ ಸಮಾಧಿಗೆ ದಿನವೂ ಹೋಗುತ್ತಿದ್ದವನೇ, ಬೇರೆಯವರ ಮಕ್ಕಳನ್ನು ಇನ್ನೂ ವೇಗವಾಗಿ ಹೋಗಿರೆಂದು ಹುರಿದುಂಬಿಸುತ್ತಿದ್ದನು. ನ್ಯಾಯಾಲಯ ಬಿಟ್ಟಿತು ನಿಜ. ಆ ಐದು ಮಕ್ಕಳ ತಾಯಂದಿರು ಬಿಟ್ಟಿರಲಾರರು.

ಈಗ ನಮ್ಮ ಹುಡುಗನು ಕೇಳಿದ ಕಾರಿಗೆ ಬರೋಣ. ಅದರ ಹೆಸರು 250 ಜಿ.ಟಿ.ಓ. 1961ರಲ್ಲಿ ಬಿಜ್ಜರಿನಿ ಎಂಬ ಎಂಜಿನಿಯರು ಅದನ್ನು ಗುಟ್ಟಾಗಿ ರೂಪಿಸತೊಡಗಿದನು. ಆ ವರ್ಷದ ಕೊನೆಗೆ ಜಗಳವಾಗಿ ಅವನೂ ಇನ್ನು ಕೆಲವು ಹಿರಿಯರೂ ಒಟ್ಟಿಗೇ ಕಂಪನಿ ಬಿಟ್ಟು ಹೋದರು. ಎಂಜೋ ಎದೆಗುಂದದೆ ಫೋರ್ಗಿಯೇರಿ ಎಂಬ ಇಪ್ಪತ್ತಾರು ವರ್ಷದ ಹುಡುಗನನ್ನು ಕರೆದು ಕೆಲಸವನ್ನು ಒಪ್ಪಿಸಿದನು. ಸ್ಕಾಲ್ಯೆತ್ತಿ ಎಂಬ ಮೊಡೆನಾದ ಕಸುಬುದಾರನ ಮಳಿಗೆಯಲ್ಲಿ ಅಲ್ಯೂಮಿನಿಯಂ ತಗಡನ್ನು ಸುತ್ತಿಗೆಯಿಂದ ಬಡಿದು ಬಡಿದು ಅದರ ಮೈಯನ್ನು ಮಾಡಿದರು. ಕೈಕೆಲಸವಾದ್ದರಿಂದ ಒಂದರಂತೆ ಇನ್ನೊಂದು ಇಲ್ಲ. ಮೂರು ಲೀಟರಿನ, ಹನ್ನೆರಡು ಸಿಲಿಂಡರಿನ ಎಂಜಿನು. ಸುಮಾರು 300 ಅಶ್ವಶಕ್ತಿ. ವೇಗ ತೋರಿಸುವ ಮೀಟರನ್ನೇ ಅದಕ್ಕೆ ಇಟ್ಟಿರಲಿಲ್ಲ. ಪಂದ್ಯದ ನಿಯಮದಂತೆ ಒಂದು ಜಾತಿಯ ನೂರು ಕಾರುಗಳನ್ನಾದರೂ ಮಾಡಬೇಕಿತ್ತು. ಇದು ನಮ್ಮ ಹಳೆಯ ಕಾರಿನ ಹೊಸ ಮೈ ಅಷ್ಟೇ ಎಂದು ಅಧಿಕಾರಿಗಳನ್ನು ಒಪ್ಪಿಸಿ, 1962ರಿಂದ 1964ರವರೆಗೆ ಎಂಜೋ ಮಾಡಿದ್ದು ಕೇವಲ 36. ಮೂರು ವರ್ಷವೂ ಆ ವರ್ಗದ ಚಾಂಪಿಯನ್ ಪಟ್ಟ ಫೆರಾರಿಗೇ ಬಂತು. ನಿಯಮವನ್ನು ಹೀಗೆ ಬಗ್ಗಿಸಿದ್ದು ಸರಿಯಲ್ಲವೆಂದು ಹೇಳಬೇಕಾದದ್ದು ಉಪಾಧ್ಯಾಯನ ಧರ್ಮ. ಹೇಳಿದ್ದೇನೆ. ಆದರೆ ಆ ಕಾರುಗಳ ಇಂದಿನ ಬೆಲೆಯ ಬೇರು ಇರುವುದು ಅಲ್ಲಿಯೇ. ನೂರು ಮಾಡಿದ್ದರೆ ಈ ಬೆಲೆ ಇರುತ್ತಿರಲಿಲ್ಲ.

ಹೊಸದರಲ್ಲಿ ಅದರ ಬೆಲೆ ಅಮೆರಿಕದಲ್ಲಿ ಸುಮಾರು 18,000 ಡಾಲರು. ಅಂದಿನ ನಮ್ಮ ಲೆಕ್ಕದಲ್ಲಿ ಎಂಬತ್ತಾರು ಸಾವಿರ ರೂಪಾಯಿಯಷ್ಟು. ಎರಡು ಮೂರು ವರ್ಷ ಪಂದ್ಯಗಳಲ್ಲಿ ಓಡಿದ ಮೇಲೆ ಅದಕ್ಕಿಂತ ವೇಗದ ಕಾರುಗಳು ಬಂದವು. ಜಿ.ಟಿ.ಓ. ಹಳೆಯ ಗಾಡಿಯಾಯಿತು. ಅವುಗಳಲ್ಲಿ ಒಂದರ ಕಥೆಯನ್ನು ಕೇಳಿದರೆ ನಮ್ಮ ವಿದ್ಯಾರ್ಥಿಗಳಿಗೆ ಹೊಟ್ಟೆ ಉರಿಯಬಹುದು. ಅಮೆರಿಕದ ಟೆಕ್ಸಾಸ್ ರಾಜ್ಯದ ವಿಕ್ಟೋರಿಯಾ ಎಂಬ ಊರಿನ ಹೈಸ್ಕೂಲಿಗೆ ಅದರ ಮಾಲೀಕನು ಅದನ್ನು ದಾನವಾಗಿ ಕೊಟ್ಟುಬಿಟ್ಟನು. ಅಲ್ಲಿ ಮೋಟಾರು ರಿಪೇರಿಯ ಪಾಠವಿತ್ತು. ಮಕ್ಕಳು ಕಲಿಯಲೆಂದು ಕೊಟ್ಟದ್ದು. 1972ರಲ್ಲಿ ಶಾಲೆಯವರು ಅದನ್ನು 6,500 ಡಾಲರಿಗೆ ಮಾರಿದರು. ಕೊಂಡವನು ಅದನ್ನು ಟ್ರೈಲರಿನ ಮೇಲಿಟ್ಟು ಹೊಲದಲ್ಲಿ ವರ್ಷಗಟ್ಟಲೆ ಮಳೆಬಿಸಿಲಿಗೆ ಬಿಟ್ಟನು. ಕೋಳಿ ಕುಳಿತಿತ್ತೋ ಇಲ್ಲವೋ ತಿಳಿಯದು. 1980ರ ದಶಕದ ಕೊನೆಗೆ ಬೇರೊಬ್ಬರು ಅದನ್ನು ಕೊಂಡು ಎಬ್ಬಿಸಿದರು. ಈಗ ಅದರ ಸಹೋದರರಿಗೆ ನೂರಾರು ಕೋಟಿ ರೂಪಾಯಿ. ಆ ಶಾಲೆಯವರು ದಡ್ಡರಾಗಿರಲಿಲ್ಲ. ಅಂದಿನ ಬೆಲೆ ಅಷ್ಟೇ ಇತ್ತು, ಅಷ್ಟಕ್ಕೆ ಮಾರಿದರು.

ಎಂಜೋವಿನ ಮುಂದಿನ ದಿನಗಳನ್ನು ಬೇಗ ಹೇಳುತ್ತೇನೆ. ಪಂದ್ಯದ ಖರ್ಚು ಬೆಳೆಯುತ್ತ ಹೋಯಿತು. 1963ರಲ್ಲಿ ಅಮೆರಿಕದ ಫೋರ್ಡ್ ಕಂಪನಿಗೆ ಎಲ್ಲವನ್ನೂ ಮಾರುವ ಮಾತು ನಡೆದು, ಪಂದ್ಯದ ವಿಷಯದಲ್ಲಿ ತನ್ನ ಮಾತು ನಡೆಯದೆಂದು ತಿಳಿದ ಕೂಡಲೆ ಎದ್ದು ಹೋದನು. 1969ರಲ್ಲಿ ಅರ್ಧ ಪಾಲನ್ನು ಫಿಯಟ್ ಕಂಪನಿಗೆ ಮಾರಿದನು. ಅರ್ಧ ಶತಮಾನದ ಹಿಂದೆ ಬಾಗಿಲಿನಿಂದ ಕಳುಹಿಸಿದ್ದ ಅದೇ ಫಿಯಟ್! ಪಂದ್ಯದ ವಿಭಾಗ ಮಾತ್ರ ಅವನ ಕೈಯಲ್ಲಿಯೇ ಉಳಿಯಿತು. 1975 ಮತ್ತು 1977ರಲ್ಲಿ ನಿಕಿ ಲೌಡಾ ಅವನಿಗೆ ಚಾಂಪಿಯನ್ ಪಟ್ಟ ತಂದನು. ಮುಪ್ಪಿನಲ್ಲಿಯೂ ಕಪ್ಪು ಕನ್ನಡಕ ಹಾಕಿಕೊಂಡು, ನೇರಳೆ ಶಾಯಿಯಲ್ಲಿ ಪತ್ರ ಬರೆಯುತ್ತ, ಊರು ಬಿಟ್ಟು ಎಲ್ಲಿಗೂ ಹೋಗದೆ ಇದ್ದನು. ತನ್ನ ಕಾರುಗಳ ಪಂದ್ಯಗಳನ್ನು ನೋಡಲು ಸಹ ಹೋಗುತ್ತಿರಲಿಲ್ಲ. 1987ರ ಜುಲೈಯಲ್ಲಿ ಎಫ್ 40 ಎಂಬ ಕಾರನ್ನು ಜನರ ಮುಂದಿಟ್ಟನು. ಅವನ ಕಾಲದಲ್ಲಿ ಹೊರಬಂದ ಕೊನೆಯ ಹೊಸ ಕಾರು ಅದು. 1988ರ ಆಗಸ್ಟ್ 14ರಂದು ತೊಂಬತ್ತನೆಯ ವಯಸ್ಸಿನಲ್ಲಿ ಮೊಡೆನಾದಲ್ಲಿ ತೀರಿಕೊಂಡನು. ಅವನ ಇಚ್ಛೆಯಂತೆ ಮಣ್ಣು ಮಾಡಿದ ಮೇಲೆಯೇ ಸುದ್ದಿಯನ್ನು ಜಗತ್ತಿಗೆ ತಿಳಿಸಿದರು.

ಸುದ್ದಿ ತಿಳಿದ ಮೇಲೆ ನಡೆದದ್ದು ವಿಚಿತ್ರ. ಫೆರಾರಿ ಕಾರುಗಳ ಬೆಲೆ ಅದಕ್ಕೆ ಮುಂಚೆಯೇ ಏರತೊಡಗಿತ್ತು. 1987ರ ಅಕ್ಟೋಬರಿನಲ್ಲಿ ಷೇರು ಪೇಟೆ ಕುಸಿದು, ಹಣವಂತರು ಕಾಗದಕ್ಕಿಂತ ಕಣ್ಣಿಗೆ ಕಾಣುವ ವಸ್ತುವೇ ಮೇಲೆಂದು ಚಿತ್ರ, ಒಡವೆ, ಕಾರುಗಳ ಕಡೆಗೆ ತಿರುಗಿದ್ದರು. ಜಪಾನಿನಲ್ಲಿ ನೆಲದ ಬೆಲೆ ಆಕಾಶಕ್ಕೇರಿ, ಅಲ್ಲಿನವರ ಕೈಯಲ್ಲಿ ಹಣ ಕುಣಿಯುತ್ತಿತ್ತು. ಆ ಹೊತ್ತಿಗೆ ಮುದುಕ ಸತ್ತನು. ಇನ್ನು ಅವನ ಕೈಯ ಕಾರು ಹುಟ್ಟುವುದಿಲ್ಲವೆಂದು ಎಲ್ಲರೂ ಮುಗಿಬಿದ್ದರು. ಎಫ್ 40 ಕಾರಿಗೆ ಮುಂಗಡ ಕೊಟ್ಟವರು ಕಾರು ಕೈಗೆ ಬರುವ ಮುಂಚೆಯೇ ತಮ್ಮ ಸರದಿಯನ್ನೇ ಲಾಭಕ್ಕೆ ಮಾರಿದರು. 1989ರ ಹೊತ್ತಿಗೆ ಜಿ.ಟಿ.ಓ. ಒಂದಕ್ಕೆ 130 ಲಕ್ಷ ಡಾಲರಿಗೂ ಮೀರಿ ಕೊಟ್ಟರು. ಅನೇಕರು ಸಾಲ ಮಾಡಿ ಕಾರು ಕೊಂಡದ್ದು ಓಡಿಸಲಿಕ್ಕಲ್ಲ, ಮರುತಿಂಗಳು ಮಾರಲಿಕ್ಕೆ. 1990ರಲ್ಲಿ ಬಡ್ಡಿ ಏರಿತು, ಟೋಕಿಯೋ ಪೇಟೆ ಬಿದ್ದಿತು, ಕೊಳ್ಳುವವರು ಕಾಣೆಯಾದರು. ನಾಲ್ಕೈದು ವರ್ಷಗಳಲ್ಲಿ ಅದೇ ಜಿ.ಟಿ.ಓ. ಬೆಲೆ ಕಾಲು ಪಾಲಿಗೆ ಇಳಿಯಿತು. ಸಾಲ ಮಾಡಿದವರ ಮನೆಗಳೂ ಹೋದವು.

ಆದೋನಿಯ ಮಾರ್ಕೆಟ್ ಯಾರ್ಡಿಗೆ ಹತ್ತಿ ಹೇರಿಕೊಂಡು ಹೋದ ಪಾಲಕರಿಗೆ ಬೆಲೆಯ ಏರಿಳಿತವನ್ನು ನಾನು ಕಲಿಸಬೇಕಾಗಿಲ್ಲ. ಆದರೂ ಒಂದು ವ್ಯತ್ಯಾಸವನ್ನು ನೋಡಿ. ಹತ್ತಿಗೆ ಒಂದು ವರ್ಷ ಬೆಲೆ ಬಂದರೆ ಮರುವರ್ಷ ಎಲ್ಲರೂ ಹತ್ತಿಯನ್ನೇ ಬಿತ್ತುತ್ತಾರೆ. ಮಾಲು ಹೆಚ್ಚಾಗಿ ಬೆಲೆ ಬೀಳುತ್ತದೆ. ಪತ್ತಿಕೊಂಡದಲ್ಲಿ ಟೊಮೇಟೊ ರಸ್ತೆಗೆ ಚೆಲ್ಲುವುದೂ ಇದೇ ಕಾರಣಕ್ಕೆ. ಜಿ.ಟಿ.ಓ. ಕಾರನ್ನು ಬಿತ್ತಲು ಬರುವುದಿಲ್ಲ. 36 ಎಂದರೆ 36. ಜಗತ್ತಿನಲ್ಲಿ ಹಣವಂತರು ಹೆಚ್ಚಾದಂತೆಲ್ಲ ಆ ಮೂವತ್ತಾರಕ್ಕೇ ಜಗಳ. ತುಗ್ಗಲಿ, ಜೊನ್ನಗಿರಿ ಕಡೆ ಮುಂಗಾರಿನ ಮೊದಲ ಮಳೆಗೆ ಹೊಲದಲ್ಲಿ ವಜ್ರ ಹುಡುಕಲು ಜನ ಸೇರುವುದನ್ನು ನೀವು ಕಂಡಿದ್ದೀರಿ. ಸಿಕ್ಕ ಕಲ್ಲಿಗೆ ಕೂಲಿಯವನು ಪಡೆಯುವುದು ಒಂದು ಬೆಲೆ, ಅದು ಕೈ ಬದಲಾಯಿಸುತ್ತ ಹೋದಂತೆ ಮತ್ತೊಂದು ಬೆಲೆ. ಎಂಜೋ ಸಹ ತನ್ನ ಕಾರಿಗೆ ಪಡೆದದ್ದು ಮೊದಲನೆಯ ಬೆಲೆಯನ್ನೇ. ಅದನ್ನು ಮುಂದಿನ ಪಂದ್ಯಕ್ಕೆ ಸುರಿದನು.

ವಜ್ರಕ್ಕೆ ಇಲ್ಲದ್ದೊಂದು ಈ ಕಾರುಗಳಿಗಿದೆ. ಪ್ರತಿಯೊಂದಕ್ಕೂ ಚರಿತ್ರೆಯಿದೆ. ಚಾಸಿ ಸಂಖ್ಯೆ ಹಿಡಿದು ಯಾವ ದಿನ ಯಾರು ಓಡಿಸಿದರು, ಯಾವ ಪಂದ್ಯದಲ್ಲಿ ಎಷ್ಟನೆಯದಾಯಿತು, ಯಾರಿಂದ ಯಾರ ಕೈಗೆ ಹೋಯಿತು ಎಂದು ಹೊಲದ ಪಹಣಿಯಂತೆ ಹೇಳಬಹುದು. ಆ ಚರಿತ್ರೆಗೇ ಬೆಲೆ. ಕಬ್ಬಿಣ, ಅಲ್ಯೂಮಿನಿಯಂ ಅದರಲ್ಲಿ ಎಷ್ಟಿದ್ದೀತು! 2000ದ ನಂತರ ಬೆಲೆ ಮತ್ತೆ ಚಿಗುರಿತು. 2014ರಲ್ಲಿ ಒಂದು ಜಿ.ಟಿ.ಓ. ಅಮೆರಿಕದ ಹರಾಜಿನಲ್ಲಿ 381 ಲಕ್ಷ ಡಾಲರಿಗೆ ಹೋಯಿತು. 2018ರ ಆಗಸ್ಟಿನಲ್ಲಿ ಮತ್ತೊಂದು 484 ಲಕ್ಷ ಡಾಲರಿಗೆ. 2023ರ ನವೆಂಬರ್ 13ರಂದು ನ್ಯೂಯಾರ್ಕಿನಲ್ಲಿ ಆದದ್ದು ನಮ್ಮ ಹುಡುಗ ಓದಿದ ಹರಾಜು. ಬೆಲೆ 517 ಲಕ್ಷ ಡಾಲರು, ಅಂದಿನ ಲೆಕ್ಕದಲ್ಲಿ 430 ಕೋಟಿ ರೂಪಾಯಿ. ಅದಕ್ಕೂ ಮುಂಚೆ, 2022ರ ಮೇ ತಿಂಗಳಲ್ಲಿ, ಎರಡೇ ಎರಡು ತಯಾರಾಗಿದ್ದ 1955ರ ಒಂದು ಮರ್ಸಿಡಿಸ್ ಕಾರು 1,350 ಲಕ್ಷ ಯೂರೋಗೆ ಮಾರಾಟವಾಗಿತ್ತು. ಹಳೆಯ ಕಾರೆಲ್ಲ ಬಂಗಾರವೆಂದು ಮಾತ್ರ ತಿಳಿಯಬೇಡಿ. ನೂರಾರು ಸಂಖ್ಯೆಯಲ್ಲಿ ತಯಾರಾದ ಎಷ್ಟೋ ಹಳೆಯ ಕಾರುಗಳ ಬೆಲೆ ಇದೇ ಕಾಲದಲ್ಲಿ ಏರದೆ ನಿಂತಿತು, ಕೆಲವು ಇಳಿದವು.

ಬೆಲೆ ಬಂದ ಕಡೆ ನಕಲಿಯೂ ಬರುತ್ತದೆ. ಅದೇ ಕಾಲದ ನಾಲ್ಕು ಸೀಟಿನ ಫೆರಾರಿ ಕಾರುಗಳನ್ನು ಕತ್ತರಿಸಿ ಜಿ.ಟಿ.ಓ. ರೂಪ ಕೊಟ್ಟವರು ಅನೇಕರು. ಒಂದು ನಿಜವಾದ ಫೆರಾರಿಯನ್ನು ಕೊಂದು ಸುಳ್ಳು ಫೆರಾರಿ ಮಾಡುವುದು! ಅಸಲಿಯನ್ನು ಗುರುತಿಸಿ ಪ್ರಮಾಣಪತ್ರ ಕೊಡಲು ಮರನೆಲ್ಲೋದ ಕಾರ್ಖಾನೆಯಲ್ಲಿಯೇ ಈಗ ಒಂದು ವಿಭಾಗವಿದೆ. ನಿನ್ನೆಯ ಕಾರನ್ನು ಬಿಚ್ಚಿ ಎಸೆಯುತ್ತಿದ್ದ ಅಂಗಳದಲ್ಲಿ ಈಗ ಹಳೆಯ ಕಾರುಗಳಿಗೆ ಶುಶ್ರೂಷೆ ನಡೆಯುತ್ತದೆ. 2019ರಲ್ಲಿ ಬೊಲೊನ್ಯಾದ ನ್ಯಾಯಾಲಯವು ಜಿ.ಟಿ.ಓ. ಒಂದು ಕಲಾಕೃತಿಯೆಂದೂ, ಅದನ್ನು ಬೇರೆಯವರು ನಕಲು ಮಾಡಬಾರದೆಂದೂ ಹೇಳಿತು. ಎಂಜೋ ಬದುಕಿದ್ದರೆ ಏನೆನ್ನುತ್ತಿದ್ದನೋ. ಅದು ಓಡುತ್ತದೆಯೇ ಎಂದು ಕೇಳುತ್ತಿದ್ದನೆಂದು ನನ್ನ ಊಹೆ.

ನಮ್ಮ ಕಡೆಯವರು ಧರ್ಮಸ್ಥಳಕ್ಕೆ ಹೋದಾಗ ಅಲ್ಲಿನ ಹಳೆಯ ಕಾರುಗಳ ಸಂಗ್ರಹವನ್ನು ತಪ್ಪದೆ ನೋಡಿ ಬರಬೇಕು. ಜಿ.ಟಿ.ಓ.ದಂಥದ್ದು ಸಿಗಲಾರದು, ಆದರೆ ಹಳೆಯ ಗಾಡಿಯನ್ನು ಜೋಪಾನ ಮಾಡಿದರೆ ಹೇಗೆ ಕಾಣುತ್ತದೆಂಬುದು ತಿಳಿಯುತ್ತದೆ. ಐವತ್ತು ವರ್ಷ ಮೀರಿದ, ಮೂಲರೂಪ ಕೆಡದ ವಾಹನಗಳನ್ನು ಬೇರೆಯಾಗಿ ನೋಂದಾಯಿಸುವ ನಿಯಮವನ್ನು ಕೇಂದ್ರ ಸರ್ಕಾರ 2021ರಲ್ಲಿ ತಂದಿದೆ. ಮುಂಬಯಿಯ ಬೀದಿಗಳಲ್ಲಿದ್ದ ಪದ್ಮಿನಿ ಟ್ಯಾಕ್ಸಿಗಳಲ್ಲಿ ಕೊನೆಯದು 2023ರ ಅಕ್ಟೋಬರಿನಲ್ಲಿ ನಿವೃತ್ತಿಯಾಯಿತು.

ಇದಿಷ್ಟನ್ನು ಒಂದು ದಿನ ಕೊನೆಯ ಪಿರಿಯಡ್ಡಿನಲ್ಲಿ ತರಗತಿಗೆ ಹೇಳಿದೆ. ಮುಂದಿನ ಭಾನುವಾರ ಆ ಹುಡುಗನು ತಂದೆಯನ್ನು ಕರೆದುಕೊಂಡು ಆದೋನಿಯ ಗುಜರಿ ಅಂಗಡಿಗೆ ಹೋಗಿದ್ದನಂತೆ. ಕಾರನ್ನು ಆಗಲೇ ಕತ್ತರಿಸಿ ಮುಗಿಸಿದ್ದರು. ಎಂಜಿನು ಹೈದರಾಬಾದಿನ ಲಾರಿಗೆ ಏರಿತ್ತು. ಮೂಲೆಯ ರಾಶಿಯಲ್ಲಿ ಹುಡುಕಿ, ಹಿಂಭಾಗದಲ್ಲಿದ್ದ ಪದ್ಮಿನಿ ಎಂಬ ಹೆಸರಿನ ಪಟ್ಟಿಯನ್ನು ಎಂಬತ್ತು ರೂಪಾಯಿ ಕೊಟ್ಟು ತಂದಿದ್ದಾನೆ. ಅದರ ಒಂದು ಅಕ್ಷರ ಮುರಿದಿದೆ.